ನೆಂಟರ ಮನೆಯ ಕ್ಯಾಮೆರಾ

ಚೀಲದ ಜಿಪ್ಪು ಎಳೆದದ್ದೇ ತಡ ಬೆಂದ ಹೊಗೆಸೊಪ್ಪಿನ ಘಾಟು ಮೂಗಿಗೆ ಅಡರಿತು, ಕ್ಯಾಮೆರಾ ಚೀಲದೊಳಗೆ ಇದೇಕೆ ಬಂತಪ್ಪಾ ಎಂದು ಹರ್ಷಿತಾ ಮುಖ ಹಿಂದಕ್ಕೆಳೆದುಕೊಂಡಳು, ಮರುಗಳಿಗೆಗೆ ತನ್ನನ್ನೇ ಬೈದುಕೊಂಡಳು, ಈ ರಾವಂದೂರು ಸೀಮೆಯಲ್ಲಿ ಯಾವ ಮನೆಯಲ್ಲಿಲ್ಲ ಈ ಘಾಟು, ಹಿತ್ತಲಲ್ಲಿ ಸೊಪ್ಪು ಬೇಯಿಸುವ ಗೂಡು, ಇವರ ಬಾಯಲ್ಲಿ ಬ್ಯಾರನ್ನು, ಮನೆಗಿಂತ ಎತ್ತರಕ್ಕೆ ನಿಂತಿದೆ, ಇಲ್ಲಿ ದಿಂಬಿಗೂ ಅದೇ ವಾಸನೆ, ಮಜ್ಜಿಗೆಗೂ ಅದೇ ವಾಸನೆ — ತೆಗೀರಿ ಅತ್ಗೆ, ಕೈಲಿಡ್ಕೊಂಡು ನೋಡಿ, ಇನ್ಮ್ಯಾಕೆ ನಿಮ್ದೇ ಕಣತ್ಗೆ, ಎದುರಿಗೆ ಜಗುಲಿಯ ಕಂಬಕ್ಕೊರಗಿ ಕೂತ ಧರ್ಮೇಂದ್ರ ಹೇಳುತ್ತಿದ್ದಾನೆ, ಗಂಡನ ಚಿಕ್ಕಮ್ಮನ ಮಗ, ಬಲು ಸಾಧು, ಇಂಥವನ ಮುಂದೆ ಕ್ಯಾಮೆರಾವನ್ನು ತಿರುವಿ ಮುರುವಿ ನೋಡುವುದಾದರೂ ಹೇಗೆ. ಯೂಟ್ಯೂಬಿನ ಆ ಮನುಷ್ಯ ಎಷ್ಟು ಸಲೀಸಾಗಿ ಹೇಳಿಬಿಟ್ಟ, ಹೊಸದರ ಹೊಳಪಿಗೆ ದುಡ್ಡು ಸುರಿಯಬೇಡಿ, ಹಳೆಯದೇ ತಗೊಳ್ಳಿ, ಆದರೆ ಲೆನ್ಸಿಗೆ ಟಾರ್ಚು ಬಿಟ್ಟು ನೋಡಿ, ಶಟರ್ ಎಷ್ಟು ಸಲ ಬಡಿದಿದೆ ಕೇಳಿ, ನಿಮ್ಮದೇ ಕಾರ್ಡು ಹಾಕಿ ನಾಲ್ಕು ಫೋಟೊ ತೆಗೆದು ಮನೆಗೆ ಹೋಗಿ ದೊಡ್ಡದು ಮಾಡಿ ನೋಡಿ, ಬೇಡ ಅನ್ನಿಸಿದರೆ ನಾಚಿಕೊಳ್ಳದೆ ಎದ್ದು ಬನ್ನಿ — ಆ ಪುಣ್ಯಾತ್ಮನಿಗೆ ಅತ್ತೆ ಇರಲಿಲ್ಲ, ಅತ್ತೆಗೊಬ್ಬ ತಂಗಿ ಇರಲಿಲ್ಲ, ಆ ತಂಗಿ ಒಲೆಯ ಮೇಲೆ ಕಾಫಿಗಿಟ್ಟು ಒಳಗಿನಿಂದ ಸಕ್ರೆ ಎಷ್ಟ್ ಆಕ್ಲಿ ಮಗಾ ಎಂದು ಕೂಗಿರಲಿಲ್ಲ. ಬಸ್ಸಿನಲ್ಲೇ ಅತ್ತೆ ಸುನಂದಮ್ಮ ಹೇಳಿಯಾಗಿತ್ತು, ಅಲ್ಲೋಗಿ ಎಮ್ಮೆ ಅಲ್ಲು ನೋಡ್ದಂಗೆ ನೋಡ್ಬ್ಯಾಡ ಕಣೆ, ತಂಗಿ ಮನೆ ಸಾಮಾನು, ಅನುಮಾನ ಪಟ್ಟಂಗಾಯ್ತದೆ, ಒಳ್ಳೇದು ಅಂದು ಇಸ್ಕೊಂಡು ಬಾ. ಗಂಡ ನಟರಾಜು ಬೀಚನಹಳ್ಳಿಯ ಡ್ಯಾಮಿನ ಕೆಲಸದಲ್ಲಿದ್ದವನು ಫೋನಿನಲ್ಲೇ ತೀರ್ಪು ಕೊಟ್ಟಿದ್ದ, ಅಂಗಡೀಲಿ ಹಳೇದು ತಗೊಂಡ್ರೆ ಟೋಪಿ ಆಕ್ತಾರೆ, ಮನೆಯವರತ್ರ ತಗೊಂಡ್ರೆ ಮೋಸ ಇರಲ್ಲ. ಎಲ್ಲರೂ ಸೇರಿ ವ್ಯಾಪಾರ ಮುಗಿಸಿದ ಮೇಲೆ ಕೊಳ್ಳುವವಳನ್ನು ಕರೆತಂದು ಕೂರಿಸಿದ್ದರು.

ಕೈಯಲ್ಲಿ ತೂಗಿ ನೋಡಿದಳು, ಭಾರವೇನೋ ಹಿತವಾಗಿತ್ತು, ಆದರೆ ಬೆರಳಡಿಗೆ ಹಿಡಿಕೆಯ ರಬ್ಬರು ಎದ್ದು ಬಂದದ್ದನ್ನು ಯಾರೋ ಗಮ್ಮು ಹಚ್ಚಿ ಕೂರಿಸಿದ್ದಾರೆ, ಇರಲಿ, ಹಳೆಯದೆಂದರೆ ಅಷ್ಟಿರುತ್ತದೆ, ರಬ್ಬರಿನಿಂದ ಫೋಟೊ ಬರುವುದಿಲ್ಲವಲ್ಲ, ಎಂದು ಸಮಾಧಾನ ಮಾಡಿಕೊಂಡರೂ ಬೆರಳು ಆ ಗಮ್ಮಿನ ಅಂಚನ್ನೇ ಸವರುತ್ತಿತ್ತು, ಯಾಕೆಂದರೆ ಭಾನುವಾರ ಹುಣಸೂರಿನಲ್ಲಿ ವೀರಭದ್ರಸ್ವಾಮಿಯವರ ಮೊಮ್ಮಗುವಿನ ನಾಮಕರಣ, ಅವಳು ಮೊದಲ ಸಲ ಬಾಯಿಬಿಟ್ಟು ರೇಟು ಹೇಳಿ ಒಪ್ಪಿಕೊಂಡ ಕೆಲಸ. ಗಂಡಸು ಫೋಟೊಗ್ರಾಫರು ಹೊಸ್ತಿಲಾಚೆಯೇ ನಿಲ್ಲುವ ಬಾಣಂತಿ ಕೋಣೆಗೆ ಇವಳು ಸಲೀಸಾಗಿ ಹೋಗುತ್ತಾಳೆ, ಸಾಂಬ್ರಾಣಿ ಹೊಗೆಯಲ್ಲಿ ಒದ್ದೆ ಕೂದಲು ಹರಡಿಕೊಂಡ ತಾಯಿ, ಎಣ್ಣೆ ಹಚ್ಚಿದ ಕಾಲು ಚಾಚಿ ಮಗುವನ್ನು ಮಲಗಿಸಿಕೊಂಡ ಅಜ್ಜಿ, ಇದುವರೆಗೆ ಎಲ್ಲ ಮೊಬೈಲಿನಲ್ಲೇ, ನೆಂಟರಿಗೆ, ಪುಕ್ಕಟೆ, ಆದರೆ ಆ ಕೋಣೆಗಳ ಬೆಳಕು ಮೊಬೈಲಿಗೆ ಸಾಲದು, ಮಗುವಿನ ಮುಖವೆಲ್ಲ ನುಚ್ಚುನುಚ್ಚಾಗಿ ಬರುತ್ತದೆ. ಕೂಡಿಟ್ಟ ದುಡ್ಡು ರವಿಕೆ ಹೊಲಿದದ್ದು, ಮತ್ತೊಂದು ಸಲ ಕೂಡಿಡಲು ಅದೆಷ್ಟು ಕಾಲ ಬೇಕೋ, ಅಷ್ಟರಲ್ಲಿ ಅತ್ತೆಯ ಮನಸ್ಸು ಇದೇ ಇರುತ್ತದೆಂದು ಯಾವ ದೇವರು ಬರೆದುಕೊಟ್ಟಾನು — ಇದೊಂದ್ಸರಿ ನೋಡ್ತೀನಿ ಕಣೆ, ಚೆಂದಾಗಿ ಬಂದ್ರೆ ಸರಿ, ಇಲ್ದಿದ್ರೆ ಸೊಸೆ ಕ್ಯಾಮೆರಾ ನೇತಾಕ್ಕೊಂಡು ಊರೂರು ತಿರುಗೋದು ನಮ್ಮನೆಗೆ ಬ್ಯಾಡ. ಅತ್ತೆ ಕೆಟ್ಟವರೇನಲ್ಲ, ಮಾತು ಹಾಗೆ, ಕೊಟ್ಟರೆ ಕೊಟ್ಟದ್ದೇ ತೆಗೆದರೆ ತೆಗೆದದ್ದೇ.

ಧರ್ಮೇಂದ್ರ ಎಲೆಅಡಿಕೆ ತರಲು ಅಂಗಡಿಗೆ ಹೋದ, ಅತ್ತೆ ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು, ಈಗ, ಈಗಲೇ, ಹರ್ಷಿತಾ ವಿಡಿಯೋದಲ್ಲಿ ಕಂಡಂತೆ ಗುಂಡಿ ಒತ್ತಿ ತಿರುಗಿಸಿ ಲೆನ್ಸು ಕಳಚಿದಳು, ಮೊಬೈಲಿನ ಟಾರ್ಚು ಹಚ್ಚಿ ಅದರೊಳಕ್ಕೆ ಬಿಟ್ಟಳು, ಗಾಜಿನ ಒಳಮೈಗೆ ಯಾರೋ ಗಂಜಿ ಬಳಿದು ಒಣಗಿಸಿದ ಹಾಗೆ ಬಿಳಿ ಪೊರೆ, ಅಂಚಿನಿಂದ ನಡುವಿನವರೆಗೆ, ಅಯ್ಯೋ ದೇವ್ರೇ ಇದು ಧೂಳಲ್ಲ — ಏನ್ ಉಡುಕ್ತಿದ್ದೀಯವ್ವಾ, ಕಾಫಿ ಲೋಟ ಹಿಡಿದು ಚಿಕ್ಕತ್ತೆ ಪ್ರೇಮಮ್ಮ ಬಾಗಿಲಲ್ಲೇ ನಿಂತಿದ್ದಾರೆ, ಧರ್ಮೇಂದ್ರನ ತಾಯಿ, ಓಲೆ ತಿರುಪು ಬಿದ್ದೋಯ್ತು ಚಿಕ್ಕತ್ತೆ ಎಂದು ಬಾಯಿಗೆ ಬಂದದ್ದನ್ನು ಹೇಳಿದಳು, ಅಯ್ಯೋ ನನ್ ಕಂದಾ ಚಿನ್ನದ್ದಲ್ವಾ ಎಂದು ಆಕೆ ಲೋಟ ಇಟ್ಟು ಮಂಡಿಯೂರಿ ನೆಲವೆಲ್ಲ ಸವರತೊಡಗಿದರು, ಇಲ್ಲದ ತಿರುಪಿಗೆ ಆ ವಯಸ್ಸಾದ ಕೈ ಚಾಪೆಯಡಿ, ಕಂಬದಡಿ, ನಾಚಿಕೆಯಿಂದ ಹರ್ಷಿತಾಳ ಕಿವಿ ಬಿಸಿಯಾಗಿ, ಸಿಕ್ತು ಚಿಕ್ಕತ್ತೆ ಸಿಕ್ತು ಬನ್ನಿ ಎಂದುಬಿಟ್ಟಳು. ಆಕೆ ಎದ್ದು ಕೂತು, ಲೆನ್ಸನ್ನು ಇವಳ ಕೈಯಿಂದ ತಾವೇ ತೆಗೆದುಕೊಂಡು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಗಾಜನ್ನು ಒರೆಸಿದರು, ಸುತ್ತ, ಮೆಲ್ಲಗೆ, ಮಗುವಿನ ಬಾಯಿ ಒರೆಸುವ ಹಾಗೆ, ಒರೆಸುತ್ತ ದನಿ ತಗ್ಗಿಸಿದರು, ಇದ್ನ ನಾನೆಷ್ಟು ಜ್ವಾಪಾನ ಮಾಡಿದ್ದೀನಿ ಗೊತ್ತಾ ಮಗಾ, ಅವುನ್ಗೂ ಗೊತ್ತಿಲ್ಲ, ಓದ್ ವರ್ಸ ಭೇರ್ಯದಾಗೆ ಒಂದು ಮದ್ವೆಗೋಗಿ ಮಳೇಲಿ ನೆನ್ಕೊಂಡು ಬಂದ, ಕ್ಯಾಮೆರಾನೂ ತೊಪ್ಪೆ, ಜ್ವರ ಬಂದು ಮಲಗ್ಬುಟ್ಟ, ನಂಗೆ ಜೀವ ತಡೀಲಿಲ್ಲ ಕಣವ್ವಾ, ಬ್ಯಾರನ್ನಾಗೆ ಸೊಪ್ಪು ಬೇಯ್ತಿತ್ತು, ಚೀಲದ ಸಮೇತ ತಗೊಂಡೋಗಿ ಒಳಗಡೆ ಕಡ್ಡಿಗೆ ನೇತಾಕ್ದೆ, ಬೆಳಿಗ್ಗೆ ತೆಗುದ್ರೆ ಗರಿಗರಿ ಒಣಗಿತ್ತು, ಒಂದನಿ ನೀರಿಲ್ಲ, ಬಯ್ತಾನೆ ಅಂತ ಸುಮ್ನೆ ಇದ್ದ ಜಾಗದಲ್ಲೇ ಮಡಗ್ಬುಟ್ಟೆ. ಹೇಳಿ ನಕ್ಕರು, ಗುಟ್ಟು ಹಂಚಿಕೊಂಡ ಹುಡುಗಿಯ ನಗು. ಸೊಪ್ಪಿನ ನರಕ್ಕೂ ನೀರುಳಿಯದಂತೆ ಕಾಯಿಸುವ ಬೆಂಕಿ ಅದು, ಅದರ ಬಾಗಿಲು ತೆಗೆದರೆ ಗಂಡಸರೇ ಮುಖ ತಿರುಗಿಸುತ್ತಾರೆ, ಅದರೊಳಗೆ ಇಡೀ ರಾತ್ರಿ ಈ ಗಾಜು ಜೋತಾಡಿದೆ, ಮತ್ತು ಈ ತಾಯಿ ಒರೆಸುತ್ತಲೇ ಇದ್ದಾರೆ, ಪೊರೆ ಇರುವುದು ಒಳಗೆ. ಹರ್ಷಿತಾ ಲೆನ್ಸನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿಟ್ಟು ಕಾಫಿ ಕುಡಿದಳು.

ಸರಿ, ಬೇಡ ಎಂದುಬಿಡುವುದು, ಏನೆಂದು ಹೇಳಿ ಬೇಡ ಅನ್ನುವುದು, ದುಡ್ಡು ಸಾಲಲಿಲ್ಲ ಅಂದರೆ ದುಡ್ಡು ಅತ್ತೆಯ ಸಂಚಿಯಲ್ಲೇ ಇದೆ, ಇಷ್ಟವಾಗಲಿಲ್ಲ ಅಂದರೆ ತಂಗಿ ಮನೆ ಸಾಮಾನಿಗೆ ಹೆಸರಿಟ್ಟಳು ಅಂತ ಅತ್ತೆ ಬಸ್ಸಿನಲ್ಲಿ ಬಾಯಿ ಬಿಡುವುದಿಲ್ಲ, ಮನೆಗೆ ಹೋದ ಮೇಲೆ ಫೋಟೊ ಮಾತು ಎತ್ತುವ ಹಾಗಿಲ್ಲ, ಕೊಂಡುಕೊಂಡರೋ, ಭಾನುವಾರ ಮಗುವಿನ ಮುಖವೆಲ್ಲ ಮಂಜು, ರವಿಕೆಗಳ ದುಡ್ಡೂ ಹೋಯಿತು, ಮಾನವೂ ಹೋಯಿತು, ಬಾಯಲ್ಲಿ ಬಿಸಿ ತುಪ್ಪ, ನುಂಗುವ ಹಾಗಿಲ್ಲ ಉಗುಳುವ ಹಾಗಿಲ್ಲ — ಅಷ್ಟರಲ್ಲಿ ಧರ್ಮೇಂದ್ರ ಎಲೆಯ ಪೊಟ್ಟಣ ಹಿಡಿದು ಬಂದ, ಅತ್ತೆಯೂ ಬಂದು ಕೂತರು, ಅಲ್ಲ ಕಣ್ಲಾ, ಯಾಕ್ಲಾ ಬುಟ್ಟೆ ಫೋಟೊ ಕೆಲ್ಸ, ಚೆನ್ನಾಗೇ ನಡೀತಿತ್ತಲ್ಲ ಎಂದು ಅತ್ತೆ ಕೇಳಬಾರದೇ, ಅವನು ತಟ್ಟೆಯಲ್ಲಿ ಎಲೆ ಜೋಡಿಸುತ್ತ ನಕ್ಕ, ನನ್ ಕೈಗುಣ ಓಯ್ತು ದೊಡವ್ವಾ, ಓದ್ ವರ್ಸದಿಂದ ಏನ್ ತೆಗುದ್ರೂ ಮಬ್ಬು ಮಬ್ಬು, ಪಿರಿಯಾಪಟ್ಟಣದೋರು ಆಲ್ಬಮ್ಮು ಮಕದ ಮೇಲೇ ಎಸುದ್ರು, ಕುಡ್ದು ತೆಗ್ದಿದ್ದೀಯೇನ್ಲಾ ಅಂದ್ರು, ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ, ನಾನ್ಯಾಕೆ ಕ್ಯಾಮೆರಾ ಮ್ಯಾಲೆ ಏಳ್ಲಿ, ಅದು ಚೆನ್ನಾಗದೆ, ಅತ್ಗೆ ಕೈಲಾದ್ರೂ ಬಾಳ್ಲಿ, ಈಗ ಲಗೇಜ್ ಆಟೋ ಓಡಿಸ್ಕೊಂಡು ನೆಮ್ಮದಿಯಾಗಿವ್ನಿ. ಹರ್ಷಿತಾಗೆ ಅಳು ಒತ್ತರಿಸಿ ಬಂತು, ಇವನಿಗೆ ಗೊತ್ತಿಲ್ಲ, ಮೋಸ ಮಾಡುತ್ತಿಲ್ಲ, ಕೆಟ್ಟದ್ದು ತನ್ನ ಕೈಯೇ ಎಂದು ನಂಬಿಕೊಂಡು ಕಲಿತ ಕಸುಬನ್ನೇ ಬಿಟ್ಟು ಕೂತಿದ್ದಾನೆ, ಬಾಗಿಲಲ್ಲಿ ಪ್ರೇಮಮ್ಮ ಮಗನ ಮಾತಿಗೆ ತುಟಿ ಕಚ್ಚಿಕೊಂಡು ನಿಂತಿದ್ದಾರೆ, ಆ ಸೆರಗು ಈಗ ಅವರ ಕಣ್ಣಿಗೆ ಹೋಗಿದೆ, ಹೇಳಿದರೆ ಈ ತಾಯಿ ಸಾಯುತ್ತಾಳೆ, ಹೇಳದಿದ್ದರೆ ಈ ಮಗ ಬದುಕಿಡೀ ತನ್ನ ಕೈಯನ್ನು ಶಪಿಸುತ್ತಾನೆ, ನನ್ನ ದುಡ್ಡಿನ ಮಾತು ಹಾಳಾಗಿ ಹೋಗಲಿ, ಇದನ್ನು ನನ್ನ ತಲೆಗೇ ಯಾಕಪ್ಪಾ ಕಟ್ಟಿದೆ ಭಗವಂತ. ಅತ್ತೆ ಸಂಚಿ ಬಿಚ್ಚಿ ನೋಟುಗಳನ್ನು ವೀಳ್ಯದೆಲೆಯ ಮೇಲಿಟ್ಟು ತಟ್ಟೆಯನ್ನು ಮುಂದಕ್ಕೆ ತಳ್ಳಿದರು.

ಎಲೆಯ ಮೇಲಿಟ್ಟ ದುಡ್ಡು ಎದುರಿನವನ ಕೈ ಸೇರಿದರೆ ಮುಗಿಯಿತು, ಈ ಕಡೆ ದನದ ವ್ಯಾಪಾರವಾಗಲಿ ಹೆಣ್ಣಿನ ಮಾತಾಗಲಿ ಆಮೇಲೆ ಹಿಂದಕ್ಕೆ ಹೋಗುವುದಿಲ್ಲ, ಧರ್ಮೇಂದ್ರ ಎರಡೂ ಕೈ ಪಂಚೆಗೆ ಒರೆಸಿಕೊಂಡ, ಕೈ ಮುಂದೆ ಬರುತ್ತಿದೆ, ಸುಮ್ಮನಿದ್ದುಬಿಡು ಹರ್ಷಿತಾ, ಸುಮ್ಮನಿರು, ಎಲೆಯ ತುದಿಗೆ ಬೆರಳು ತಾಗಿತು — ತಡಿ ಧರ್ಮೇಂದ್ರ, ಮುಟ್ಟಬ್ಯಾಡ, ಯಾರ ದನಿ ಇದು, ತನ್ನದೇ, ನಿನ್ ಕೈ ಕೆಟ್ಟಿಲ್ಲ ಕಣಪ್ಪಾ, ಲೆನ್ಸು ಕೆಟ್ಟದೆ, ನಿನ್ ಕೈ ಚೆನ್ನಾಗೇ ಅದೆ. ಏನೇ ಅದು ಮಾತು ಎಂದು ಅತ್ತೆ ಗದರಿದರು, ಅವಳು ಅತ್ತ ನೋಡಲೇ ಇಲ್ಲ, ಟಾರ್ಚು ಹಚ್ಚಿದ ಮೊಬೈಲನ್ನೂ ಲೆನ್ಸನ್ನೂ ಅವನ ಕೈಗೇ ಕೊಟ್ಟಳು, ನೀನೇ ನೋಡು, ಅವನು ನೋಡಿದ, ಕಣ್ಣು ಕಿರಿದು ಮಾಡಿ ಮತ್ತೆ ನೋಡಿದ, ಅವನ ಮುಖದಲ್ಲಿ ಏನೋ ಸಡಿಲವಾಯಿತು, ಅಂಗಾರೆ ನಾನು — ಅಂಗಾರೆ ಆ ಆಲ್ಬಮ್ಮು — ಅಂಗೈಗಳನ್ನು ಬಿಡಿಸಿ ನೋಡಿಕೊಂಡ, ಆಮೇಲೆ ಇವಳನ್ನು ನೋಡಿ ಕೇಳಿದ, ಇದ್ಯಾವಾಗ ಇಂಗಾಯ್ತತ್ಗೆ, ಎಂಗಾಯ್ತು. ಗೊತ್ತಿಲ್ಲ ಕಣಪ್ಪಾ, ಹಳೇದಾದ್ರೆ ಅಂಗಾಯ್ತದಂತೆ, ಅಂದಳು, ಸುಳ್ಳು, ಆದರೂ ಸಲೀಸಾಗಿ ಬಂತು, ಇಷ್ಟರಲ್ಲೇ ನಿಂತುಹೋಗಲಿ ದೇವರೇ, ಇಷ್ಟು ಸಾಕು. ಬಾಗಿಲಲ್ಲಿ ನಿಂತ ಪ್ರೇಮಮ್ಮ ಕೇಳಿದರು, ಮೆತ್ತಗೆ, ಯಾರನ್ನೂ ನೋಡದೆ, ಬ್ಯಾರನ್ ಬಿಸಿಗೂ ಇಂಗಾಯ್ತದೇನವ್ವಾ.

ಬ್ಯಾರನ್ನಿನ ಮಾತನ್ನು ಅಲ್ಲಿ ಯಾರೂ ಎತ್ತಿರಲಿಲ್ಲ, ಧರ್ಮೇಂದ್ರ ತಿರುಗಿ ತಾಯಿಯನ್ನು ನೋಡಿದ, ಅತ್ತೆ ಇವಳನ್ನು ನೋಡಿದರು, ಇವಳು ನೆಲ ನೋಡಿದಳು, ಯಾರಾದರೂ ಇಲ್ಲ ಅನ್ನಬಾರದೇ, ನಾನೇ ಅನ್ನಬೇಕು, ಬ್ಯಾರನ್ನಿಂದಲ್ಲ ಚಿಕ್ಕತ್ತೆ ಎಂದು, ಅಷ್ಟರಲ್ಲಿ ಆಕೆ ಬಂದು ಮಗನ ಪಕ್ಕ ಕೂತರು, ಅವನ ಕೈಯಿಂದ ಲೆನ್ಸು ತೆಗೆದುಕೊಂಡರು, ಅವನು ಕೊಟ್ಟ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು, ಒರೆಸಿದರು, ಬೆಳಕಿಗೆ ಹಿಡಿದರು, ಇನ್ನೂ ಇತ್ತು, ಬಾಯಿಂದ ಆವಿ ಊದಿ ಮತ್ತೆ ಒರೆಸಿದರು, ಓಯ್ತದೆ ಕಣ್ಲಾ ಮಗಾ, ಒರುಸಿದ್ರೆ ಓಯ್ತದೆ ಇರು, ಬೆಳಕಿಗೆ ಹಿಡಿದರು, ಒರೆಸಿದರು, ಸೆರಗು ಸುತ್ತುತ್ತಿತ್ತು, ಗಾಜಿನ ಮೇಲೆ, ಸುತ್ತ, ಮೆಲ್ಲಗೆ, ಮತ್ತೆ ಮತ್ತೆ.