ಹಿಂದಿನ ಕೋಣೆಯ ಕರೆಂಟು

ಸ್ವಿಚ್ ಒತ್ತಿದ ಕೂಡಲೇ ಗ್ರೈಂಡರ್ "ಊಂ..." ಎಂದು ಮುಲುಗಿತು, ಕಲ್ಲು ಮಾತ್ರ ಕದಲಲಿಲ್ಲ. ತಲೆಯ ಮೇಲಿನ ಬಲ್ಬು ಕೆಂಪಗೆ ಬಾಡಿತು. ಉಚ್ಚೆಂಗಮ್ಮ ಸ್ವಿಚ್ ಆರಿಸಿ, ಬಕೆಟ್ಟಿನಲ್ಲಿ ನೆನೆದು ಉಬ್ಬಿದ ಉದ್ದಿನಬೇಳೆಯನ್ನು ನೋಡಿದಳು. ಸಂಜೆಯೊಳಗೆ ರುಬ್ಬಿದರಷ್ಟೇ ಬೆಳಗಿನ ಹೊತ್ತಿಗೆ ಹಿಟ್ಟು ಹುದುಗು ಬರುವುದು. ಅದಿರು ತುಂಬುವ ಆಳುಗಳಿಗೆ ನಾಳೆ ಮೊದಲ ಸಲ ಅವಳ ಮೆಸ್ಸಿನ ಇಡ್ಲಿ. ಹಿಡಿಸಿದರೆ ದಿನವೂ ಆರ್ಡರು ಅವಳಿಗೆ, ಇಲ್ಲದಿದ್ದರೆ ಬಸ್ ಸ್ಟ್ಯಾಂಡಿನ ಹೋಟೆಲಿಗೆ. ಆಳುಗಳ ಮೇಸ್ತ್ರಿ ಖಡಾಖಂಡಿತವಾಗಿ ಹೇಳಿಹೋಗಿದ್ದ.

"ಗ್ರೈಂಡರಿಂದೇನೂ ತಪ್ಪಿಲ್ಲಕ್ಕ," ಎಂದ ವೈರಿಂಗ್ ಕೆಲಸದ ಪಂಪೇಶ್, ಬಿಸಿಯಾದ ಪ್ಲಗ್ಗನ್ನು ಮೂಸುತ್ತ. "ಮೀಟರ್ ಮುಂದ್ಲ ಪಡಸಾಲ್ಯಾಗ ಐತಿ. ಅಲ್ಲಿಂದ ಇಡೀ ಮನಿ ಸುತ್ತಿ ಬಂದೈತಿ ವಯರು. ಅದೂ ಬಲ್ಬಿಗೆ ಹಾಕೋ ಸಣ್ಣ ಎಳಿ. ಸ್ಟ್ರಾ ಹಾಕ್ಕೊಂಡು ಅಂಬಲಿ ಕುಡದಂಗ! ಇಲ್ಲಿಗೆ ಬರೋದ್ರಾಗ ಕರೆಂಟಿನ ಕಸುವು ಗ್ವಾಡ್ಯಾಗ ಬಿಸಿಯಾಗಿ ಹೋಗ್ತತಿ."

"ದಪ್ಪಂದು ಹಾಕು."

"ಓನರ್‌ನ ಕೇಳು."

ಓನರ್ ಕೊಟ್ರಬಸಪ್ಪ. ಚೀನಾಕ್ಕೆ ಅದಿರು ಹೊರಟ ಮೇಲೆ ಅವನ ಲಾರಿಗಳು ಮರಿ ಹಾಕಿ, ಕುರೆಕುಪ್ಪದಲ್ಲಿ ಈ ಮನೆ ಎದ್ದಿತ್ತು. ಬಾಗಿಲ ಮೇಲೆ 'ಗುರುಕೃಪಾ' ಎಂದಿದ್ದರೂ ಬೀದಿಯವರ ಬಾಯಲ್ಲಿ ಅದು 'ಅದಿರುಕೃಪಾ'. ಮುಂದೆಲ್ಲ ಗ್ರಾನೈಟು, ಹಿಂದೆ ಬಾಡಿಗೆ ಕೋಣೆಗಳು, ಅವುಗಳಲ್ಲೊಂದು ಈ ಮೆಸ್ಸು. ಉಚ್ಚೆಂಗಮ್ಮ ಮುಂದೆ ಹೋದಾಗ ಅವನು ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದ.

"ಗ್ವಾಡಿ ಒಡಿತಿಯೇನವಾ? ಬಣ್ಣದ ವಾಸನಿ ಇನ್ನಾ ಹೋಗಿಲ್ಲ."

"ಹೊರಗಿಂದ ಎಳಕೊಂತೀನ್ರಿ."

"ಮನಿ ಮುಂದ ವಯರ್ ನೇತಾಡಿದ್ರ ಬಂದವರು ಸರ್ಕಸ್ ಅಂತಾರ. ಗ್ವಾಡಿ ಮುಟ್ಟಂಗಿಲ್ಲ, ವಯರ್ ಎಳಿಯಂಗಿಲ್ಲ. ನೋಡೋಣು, ಮುಂದಿನ ವರ್ಷ." ಸ್ಕೂಟರ್ ತೋರಣಗಲ್ಲಿನ ದಿಕ್ಕಿಗೆ ಹೋಯಿತು.

ಅವಳು ಹಿಂದಿನ ಕೋಣೆಗೆ ಮರಳಿ ಹೇಳಿದ್ದನ್ನು ಕೇಳಿ ಪಂಪೇಶ್ ಕೆನ್ನೆ ಉಬ್ಬಿಸಿ, ಇಲ್ಲದ ಹೊಟ್ಟೆ ಸವರಿಕೊಂಡು, "ಊಂ... ನೋಡೋಣು... ಮುಂದಿನ ವರ್ಷ..." ಎಂದ. ಥೇಟು ಓನರು, ಥೇಟು ಗ್ರೈಂಡರು ಕೂಡ. ಉಚ್ಚೆಂಗಮ್ಮ ಕಿಸಕ್ಕನೆ ನಕ್ಕಳು. ನಗು ನಿಂತಾಗ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

"ಕರೆಂಟು ಇಲ್ಲಿತನ ಬರಾಕ ಸುಸ್ತಾಗ್ತತಿ ಅಂದಿ. ನಾವ ಅಲ್ಲಿಗೆ ಹೋದ್ರ?"

ಪಂಪೇಶನ ಕೆನ್ನೆ ಇಳಿದವು. "ಮೀಟರ್ ಮಗ್ಗುಲಕ್ಕ ಸಂಪಿನ ಮೋಟರ್ ಪ್ಲಗ್ ಐತಿ. ವಯರೂ ದಪ್ಪಂದು. ಆದ್ರ ಓನರ್ ಬೈತಾನಕ್ಕ..."

"ಗ್ವಾಡಿ ಮುಟ್ಟಲ್ಲ. ವಯರ್ ಎಳಿಯಲ್ಲ. ಜಲ್ದಿ ಆ ಕಡಿ ಹಿಡಿ!"

ವೈರಿಂಗಿಗೆ ತಂದಿದ್ದ ಪೈಪಿನ ತುಂಡುಗಳನ್ನು ಗ್ರೈಂಡರಿನ ಅಡಿಗೆ ಕೊಟ್ಟು ಉರುಳಿಸಿದರು. ಹಿಂದೆ ಉಳಿದ ತುಂಡನ್ನು ಅವಳು ಮತ್ತೆ ಮುಂದೆ ತಂದಿಡುವಳು, ಅವನು ನೂಕುವನು. ಪಕ್ಕದ ಓಣಿ ದಾಟಿ, ಮೆಟ್ಟಿಲ ಮೇಲೆ ಹಲಗೆಯಿಟ್ಟು ಪಡಸಾಲೆಗೆ ಏರಿಸುವ ಹೊತ್ತಿಗೆ ಇಬ್ಬರ ಮೈಯೂ ಕೆಂಧೂಳು. ಸದ್ದಿಗೆ ಓನರನ ಹೆಂಡತಿ ಹೊರಬಂದಳು. ಗ್ರೈಂಡರನ್ನೊಮ್ಮೆ, ಉಚ್ಚೆಂಗಮ್ಮನ ಮುಖವನ್ನೊಮ್ಮೆ ನೋಡಿ ಒಳಗೆ ಹೋದವಳು ಒಂದು ಪಾತ್ರೆ ಹಿಡಿದು ಬಂದಳು. "ನಂದೂ ಬ್ಯಾಳಿ ನೆನದಾವ. ನಿಂದಾದ ಮ್ಯಾಲ ಇಷ್ಟು ಹಾಕವಾ."

ಸ್ವಿಚ್ ಒತ್ತಿದರು. ಕಲ್ಲು ಒಂದೇ ಏಟಿಗೆ ತಿರುಗಿತು.

ದೀಪ ಹಚ್ಚುವ ಹೊತ್ತಿಗೆ ಸ್ಕೂಟರ್ ಬಂತು. "ಏನವಾ ಇದು, ನನ್ನ ಪಡಸಾಲ್ಯಾಗ!"

"ಗ್ವಾಡಿ ಮುಟ್ಟಿಲ್ರಿ, ವಯರ್ ಎಳದಿಲ್ಲ. ಮೀಟರಿಂದು ನಂದು ಎಷ್ಟಾಗ್ತತೋ ಕೊಡ್ತೀನಿ."

"ಎಷ್ಟು ದಿನ ಇದು?"

"ನೀವು ಗ್ವಾಡಿ ಒಡಸೋತನ."

ಕೊಟ್ರಬಸಪ್ಪ ಬಾಯಿ ತೆರೆದ. ಆಗಲೇ ಹೆಂಡತಿ, "ಸ್ವಲ್ಪ ಸರದು ನಿಂದ್ರಿ, ಧೂಳು ಬೀಳ್ತತಿ," ಎಂದು ತನ್ನ ಪಾತ್ರೆಗೆ ತಟ್ಟೆ ಮುಚ್ಚಿದಳು. ಬಾಗಿಲಿಗೆ ಗ್ರೈಂಡರ್ ಅಡ್ಡ. ಅವನು ಪಂಚೆಯನ್ನು ಮೊಣಕಾಲ ಮೇಲೆತ್ತಿ, ಬಾಡಿಗೆಯವರು ಓಡಾಡುವ ಪಕ್ಕದ ಓಣಿಯಿಂದ ಹಿಂಬಾಗಿಲಿಗೆ ನಡೆದ.

ಉಚ್ಚೆಂಗಮ್ಮ ಒಂದು ಬೊಗಸೆ ನೀರು ಚಿಮುಕಿಸಿದಳು. ಕಲ್ಲಿನ ಸುತ್ತ ನೊರೆ ಬೆಳ್ಳಗೆ ಏರುತ್ತಿತ್ತು.