ಮೀಸೆಯಣ್ಣನ ಉಸಿರಿನ ಯಂತ್ರ

ಡಿಪೋದಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಮೀಸೆಯಣ್ಣ ಎಂದು. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದವನು. ತುಟಿಯ ಎರಡೂ ಬದಿಗೆ ಇಳಿದು ಮತ್ತೆ ಮೇಲಕ್ಕೆ ತಿರುಗಿದ್ದ ಆ ಮೀಸೆಗೆ ಅವನ ಮದುವೆಗಿಂತ ಹೆಚ್ಚು ವಯಸ್ಸಾಗಿತ್ತು. ಹೋದ ವರ್ಷ ಒಂದು ಮಧ್ಯಾಹ್ನ, ನೇರವಾದ ರಸ್ತೆಯಲ್ಲಿ, ಸ್ಟಿಯರಿಂಗ್ ಹಿಡಿದಂತೆಯೇ ಅವನ ಕಣ್ಣುಗಳು ಮುಚ್ಚಿಕೊಂಡವು. ಬಸ್ಸು ಫುಟ್‌ಪಾತ್ ಹತ್ತಿ, ಬೀಗ ಹಾಕಿದ್ದ ಅಂಗಡಿಯೊಂದರ ಷಟರಿಗೆ ಗುದ್ದಿ ನಿಂತಿತು. ಮುಂದಿನ ಸೀಟಿನಲ್ಲಿದ್ದ ಹೆಂಗಸಿನ ಭುಜದ ಮೂಳೆ ಮುರಿಯಿತು. ಅವನಿಗೆ ಒಂದು ಗೀರೂ ಆಗಲಿಲ್ಲ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಕ್ಯಾಂಟೀನಿನಲ್ಲಿ ಯಾರೋ ನಕ್ಕಿದ್ದು ಅವನ ಕಿವಿಗೂ ಬಿತ್ತು. ಸಿಟ್ಟು ಬರಲಿಲ್ಲ. ಆ ದಿನದಿಂದ ಅವನಿಗೆ ಸಿಟ್ಟೂ ಬರುತ್ತಿರಲಿಲ್ಲ, ಅಳುವೂ ಬರುತ್ತಿರಲಿಲ್ಲ. ಊಟಕ್ಕೆ ಕೂತರೆ ಉಪ್ಪು ಬಿದ್ದಿದೆಯೋ ಇಲ್ಲವೋ ಎಂದೂ ತಿಳಿಯುತ್ತಿರಲಿಲ್ಲ. ಬಡಿಸಿದ್ದನ್ನು ತಿಂದು ಏಳುತ್ತಿದ್ದ.

ಡಾಕ್ಟರು ಒಂದು ರಾತ್ರಿ ಮೈತುಂಬ ತಂತಿ ಅಂಟಿಸಿ ಮಲಗಿಸಿ ನೋಡಿದರು. ನಿದ್ದೆಯಲ್ಲಿ ಗಂಟೆಗೆ ನಲವತ್ತು ಸಲ ಇವನ ಉಸಿರು ಕಟ್ಟುತ್ತಿತ್ತಂತೆ. ರಾತ್ರಿಯಿಡೀ ಮಲಗಿದರೂ ಮಲಗಿದ ಲೆಕ್ಕಕ್ಕಿಲ್ಲ ಎಂದರು. ಹಾಗೆ ಮನೆಗೆ ಬಂತು ಆ ಯಂತ್ರ. ಪುಟ್ಟ ಡಬ್ಬಿಯಂಥದು, ಅದರಿಂದೊಂದು ಕೊಳವೆ, ಕೊಳವೆಯ ತುದಿಗೆ ಮೂಗಿಗೆ ಕಟ್ಟಿಕೊಳ್ಳುವ ಮಾಸ್ಕ್. ರಾತ್ರಿಯೆಲ್ಲ ಅದು, ಉಸಿರು ಕಟ್ಟದಂತೆ, ನೀರಿನ ಹಬೆ ಬೆರೆಸಿದ ಗಾಳಿ ಊದುತ್ತಿತ್ತು. ಇತ್ತ ಡಿಪೋದವರು ಅವನನ್ನು ಸ್ಟೋರಿಗೆ ಹಾಕಿದರು. ಬೋಲ್ಟು, ಬೆಲ್ಟು, ಬ್ರೇಕ್ ಲೈನಿಂಗ್ ಹುಡುಕಿ ಕೊಡುವ ಕೆಲಸ.

ಅವನ ಹೆಂಡತಿ ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ ಕೂತು, ಗಾಜನ್ನು ಫ್ರೇಮಿನ ಅಳತೆಗೆ ಉಜ್ಜುವವಳು. ಗಂಡನ ಗೊರಕೆಗೆ ಅವಳು ಒಗ್ಗಿಹೋಗಿದ್ದಳು. ತಾನು ಕುಂಭಕರ್ಣನ ಹೆಂಡತಿ ಎಂದು ತಾನೇ ಹೇಳಿಕೊಂಡು ನಗುತ್ತಿದ್ದಳು. ಈ ಯಂತ್ರಕ್ಕೆ ಮಾತ್ರ ಒಗ್ಗಲಾಗಲಿಲ್ಲ. ಅದು ಗುಂಯ್ ಎನ್ನುತ್ತಿತ್ತು, ನಡುನಡುವೆ ಗೊಳಗೊಳ ಎನ್ನುತ್ತಿತ್ತು, ಬೆಳಗಿನ ಜಾವಕ್ಕೆ ಸೀಟಿ ಹಾಕುತ್ತಿತ್ತು. ಕಿವಿಗೆ ಹತ್ತಿ ಇಟ್ಟುಕೊಂಡು ನೋಡಿದಳು. ಮೂರನೆಯ ತಿಂಗಳು ಒಂದು ರಾತ್ರಿ ದಿಂಬು ಎತ್ತಿಕೊಂಡು ಮಗಳ ಕೋಣೆಗೆ ಹೋದಳು. ಮಗಳು ಹಾಸ್ಟೆಲಿನಲ್ಲಿದ್ದುದರಿಂದ ಮಂಚ ಖಾಲಿ ಇತ್ತು. ಅವಳು ಹೋಗುವುದನ್ನು ಅವನು ನೋಡುತ್ತ ಕೂತಿದ್ದ.

ಆದರೆ ಸದ್ದು ಗೋಡೆ ದಾಟಿ ಅಲ್ಲಿಗೂ ಹೋಗುತ್ತಿತ್ತು. ನಿದ್ದೆಗೆಟ್ಟ ಕಣ್ಣಲ್ಲಿ ಅವಳು ಎರಡು ಗಾಜು ಹಾಳು ಮಾಡಿದಳು. ಮೂರನೆಯ ಸಲ ಹಾಳಾದದ್ದು ಬೆರಳಿನ ಚರ್ಮ. ಸಂಜೆ ಪಟ್ಟಿ ಬದಲಿಸುತ್ತ, ದೂರೇನೂ ಇಲ್ಲದ ದನಿಯಲ್ಲಿ, ನಡೆದದ್ದನ್ನು ಗಂಡನಿಗೆ ಹೇಳಿದಳು. ಅವನು ಮರುದಿನ ಡಿಪೋದಲ್ಲಿ ಅದನ್ನು ಯಾರದೋ ಮನೆಯ ಸುದ್ದಿಯಂತೆ ಹೆಡ್ ಮೆಕ್ಯಾನಿಕ್ಕಿಗೆ ಹೇಳಿದ.

ಈ ಮೆಕ್ಯಾನಿಕ್ಕನನ್ನು ಕಿವಿ ಎಂದು ಕರೆಯುತ್ತಿದ್ದರು. ಬಸ್ಸು ಗೇಟಿನೊಳಗೆ ಬರುವಾಗಲೇ, ಬಾನೆಟ್ ಎತ್ತದೆ, ಅದರ ಕಾಯಿಲೆ ಹೇಳುವವನು. ಅವನು ಸಲಹೆ ಕೊಡಲು ಹೋಗಲಿಲ್ಲ.

"ರಜೆ ದಿನ ಬರ್ತೀನಿ. ನೀನು ಮಲಕ್ಕೋ, ನಾನು ಕೇಳ್ತೀನಿ," ಎಂದ.

ರಜೆಯ ದಿನ ಹೆಂಡತಿ ಅಂಗಡಿಗೆ ಹೋಗಿದ್ದಳು. ನಡುಹಗಲಲ್ಲಿ ಕಿಟಕಿ ಮುಚ್ಚಿ ಅವನು ಮಾಸ್ಕ್ ಕಟ್ಟಿಕೊಂಡು ಮಲಗಿದ. ಕಿವಿ ಮಂಡಿಯೂರಿ, ಒಮ್ಮೆ ಯಂತ್ರಕ್ಕೆ, ಒಮ್ಮೆ ಅದು ಕೂತಿದ್ದ ಮರದ ಕಪಾಟಿಗೆ, ಒಮ್ಮೆ ಕೊಳವೆಗೆ ತಲೆ ಹಚ್ಚಿ ಬಹಳ ಹೊತ್ತು ಕೇಳಿದ. ಇದು ಒಂದು ಸದ್ದಲ್ಲ, ನಾಲ್ಕು ಎಂದ.

ಮೊದಲು ಯಂತ್ರದ ಬೆನ್ನಿನ ಫಿಲ್ಟರ್ ತೆಗೆದ. ಬೂದಿಯಲ್ಲಿ ಹೊರಳಿಸಿದಂತಿತ್ತು. ತಂದಾಗಿನಿಂದ ಬದಲಿಸಿಲ್ಲ ಎಂದು ಕೇಳಿ, ಏರ್ ಫಿಲ್ಟರ್ ಸರಿಯಿಲ್ಲವೆಂದು ಒಂದು ಕಾಲದಲ್ಲಿ ಇಡೀ ಡಿಪೋವನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದವನು ನೀನೇ ಅಲ್ಲವೇ ಎಂದು ಬೈದ. ಯಂತ್ರದ ಜೊತೆ ಪೆಟ್ಟಿಗೆಯಲ್ಲಿ ಬಂದಿದ್ದ ಹೊಸದನ್ನು ಹಾಕಿದ. ಒಳಗೆ ಟೊಳ್ಳಾದ ಕಪಾಟು ತಮಟೆಯಂತೆ ಸದ್ದನ್ನು ದೊಡ್ಡದು ಮಾಡುತ್ತಿತ್ತು. ಯಂತ್ರವನ್ನು ಇಳಿಸಿ, ಮಂಚಕ್ಕಿಂತ ತಗ್ಗಾದ ಮಣೆಯ ಮೇಲೆ, ಗೋಡೆಗೆ ತಾಗದಂತೆ ಇಟ್ಟ. ಅಡಿಗೆ ಹಳೆಯ ಟೈರಿನ ಟ್ಯೂಬಿನಿಂದ ಕತ್ತರಿಸಿ ತಂದಿದ್ದ ರಬ್ಬರ್ ತುಂಡು ಹಾಸಿದ. ಗೊಳಗೊಳ ಎನ್ನುತ್ತಿದ್ದುದು ತಣ್ಣನೆಯ ಕೊಳವೆಯಲ್ಲಿ ಹಬೆ ನೀರಾಗಿ ನಿಂತದ್ದು. ಅದಕ್ಕೆ ಹಳೆಯ ಉಣ್ಣೆಯ ಮಫ್ಲರ್ ಸುತ್ತಿ ದಾರ ಕಟ್ಟಿದ. ಕೊನೆಗೆ ಉಳಿದದ್ದು ಸೀಟಿ. ಅವನು ಮಲಗಿದ್ದವನ ಮುಖದ ಹತ್ತಿರ ಬಗ್ಗಿದ.

"ಇದು ಯಂತ್ರದ್ದಲ್ಲ. ನಿನ್ನ ಮೀಸೆದು. ಮಾಸ್ಕಿನ ಅಂಚೂ ಗ್ಯಾಸ್ಕೆಟ್ ಥರಾನೇ, ಕೆಳಗೆ ಕೂದಲು ಸಿಕ್ಕಿದ್ರೆ ಗಾಳಿ ಲೀಕ್ ಆಗದೆ ಇರುತ್ತಾ?"

ಮೂಗಿನ ಹೊಳ್ಳೆಗಷ್ಟೇ ಇಡುವ ಇನ್ನೊಂದು ಬಗೆಯ ಮಾಸ್ಕನ್ನು ಮೀಸೆಯಣ್ಣ ಆಗಲೇ ಹಾಕಿ ನೋಡಿದ್ದ. ಅದು ಹುಣ್ಣು ಮಾಡಿತ್ತು. ಅವನು ಎದ್ದು ಬಚ್ಚಲಿಗೆ ಹೋಗಿ ಕತ್ತರಿ ತೆಗೆದುಕೊಂಡ. ಕಿವಿ ಹಿಂದೆಯೇ ಓಡಿದ.

"ಇರಪ್ಪ, ಯೋಚನೆ ಮಾಡು. ಅತ್ತಿಗೇನ ಒಂದು ಮಾತು ಕೇಳು."

"ಯೋಚನೆ ಮಾಡೋಕೆ ಏನಿದೆ."

ಕತ್ತರಿಯಾದ ಮೇಲೆ ರೇಜರ್. ನಲ್ಲಿ ತಿರುಗಿಸಿದ, ಕೂದಲು ಹರಿದುಹೋಯಿತು. ಬಾಗಿಲಲ್ಲಿ ನಿಂತಿದ್ದ ಕಿವಿ ಮುಖ ತಿರುಗಿಸಿಕೊಂಡ. ಕನ್ನಡಿಯಲ್ಲಿ ಕಂಡವನ ಮೇಲ್ದುಟಿ ಬಿಸಿಲು ಕಾಣದೆ ಬಿಳಿಚಿತ್ತು. ಇಷ್ಟು ವರ್ಷದ್ದು ಹೋಯಿತಲ್ಲ, ಏನಾದರೂ ಅನ್ನಿಸಬೇಕಿತ್ತು ಎಂದುಕೊಂಡ. ಏನೂ ಅನ್ನಿಸಲಿಲ್ಲ. ಮುಖ ಒರೆಸಿಕೊಂಡು ಬಂದು ಗೆಳೆಯನಿಗೆ ಚಹಾ ಮಾಡಿಕೊಟ್ಟ.

ಸಂಜೆ ಹೆಂಡತಿ ಬಂದಳು. ಬಾಗಿಲಲ್ಲೇ ನಿಂತು ನೋಡಿದಳು. ಸೀಟಿ ಬರ್ತಿತ್ತು, ಅದಕ್ಕೆ ತೆಗೆದೆ ಎಂದ. ಅವಳು ತಲೆಯಾಡಿಸಿ ಅಡುಗೆಮನೆಗೆ ಹೋಗಿ, ಬೆನ್ನು ತಿರುಗಿಸಿ, ಒಲೆ ಹಚ್ಚದೆ ಸುಮ್ಮನೆ ನಿಂತಳು. ಅಳುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು. ಹತ್ತಿರ ಹೋಗಬೇಕು ಎಂಬುದೂ ಗೊತ್ತಿತ್ತು. ಕುರ್ಚಿಯಿಂದ ಏಳಲಿಲ್ಲ.

ಆ ರಾತ್ರಿ ಅವಳು ದಿಂಬು ತಂದು ತನ್ನ ಜಾಗದಲ್ಲಿ ಮಲಗಿದಳು. ಯಂತ್ರದ ಸದ್ದು ಈಗ ಕಿವಿಗೊಟ್ಟರಷ್ಟೇ ಕೇಳುವಂತಿತ್ತು. ದೀಪ ಆರಿಸಿ ಎಷ್ಟೋ ಹೊತ್ತಾದ ಮೇಲೆ ಅವಳ ಮಾತು ಕೇಳಿಸಿತು.

"ಆವತ್ತು ನಿದ್ದೆ ಬರ್ತಿದೆ ಅಂತ ನಿಮಗೆ ಗೊತ್ತಾಗಿತ್ತಾ?"

ಇಷ್ಟು ದಿನ ಯಾರೂ ಅವನನ್ನು ಹೀಗೆ ನೇರವಾಗಿ ಕೇಳಿರಲಿಲ್ಲ. ಡಿಪೋದ ವಿಚಾರಣೆಯಲ್ಲಿ ಅವನು ಕಣ್ಣು ಇದ್ದಕ್ಕಿದ್ದಂತೆ ಕತ್ತಲಿಟ್ಟಿತು ಎಂದು ಬರೆದುಕೊಟ್ಟಿದ್ದ. ಮಾಸ್ಕ್ ಬಿಚ್ಚಿದ, ಗಾಳಿ ಭುಸ್ಸೆಂದಿತು, ಯಂತ್ರ ಆರಿಸಿದ.

"ಗೊತ್ತಾಗಿತ್ತು. ಮೂರು ಸ್ಟಾಪ್ ಹಿಂದೇನೇ. ನಿಲ್ಲಿಸಬಹುದಿತ್ತು. ಟೈಮ್ ತಪ್ಪುತ್ತೆ ಅಂತ ನಿಲ್ಲಿಸ್ಲಿಲ್ಲ."

ಅವಳು ಅವನ ಕಡೆಗೆ ಹೊರಳಿದಳು.

"ಬೆಳಿಗ್ಗೆ ಶೂ ಕಟ್ತಾ ಕಟ್ತಾ ತೂಕಡಿಸಿದ್ರಿ. ನಾನು ನೋಡ್ದೆ. ಹೋಗ್ಬೇಡಿ ಅನ್ಬೇಕಿತ್ತು, ಅನ್ಲಿಲ್ಲ."

ಒಬ್ಬರನ್ನೊಬ್ಬರು ಸಮಾಧಾನ ಮಾಡಲಿಲ್ಲ. ಮಾಸ್ಕ್ ಹಾಕಿಕೊಳ್ಳಿ ಎಂದಳು. ಹಾಕಿಕೊಂಡ. ಬೆಳಿಗ್ಗೆ ಅವನಿಗೆ ಎಚ್ಚರವಾದಾಗ ಅವಳಿನ್ನೂ ನಿದ್ದೆಯಲ್ಲಿದ್ದಳು.

ಸೋಮವಾರ ಅವನು ಡಿಪೋ ಮ್ಯಾನೇಜರರ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಮುಗಿದ ಕತೆಯನ್ನು ಯಾಕೆ ಕೆದಕುತ್ತೀಯಪ್ಪ ಎಂದು ಅವರು ಬೇಸರಿಸಿದರು. ಎರಡು ತಿಂಗಳಲ್ಲಿ ಮತ್ತೆ ಬಸ್ಸು ಕೊಡುವ ಯೋಚನೆ ಇತ್ತು, ಇನ್ನು ಅದರ ಆಸೆ ಬಿಡು ಎಂದರು. ಆಗಲಿ ಎಂದು ಸಹಿ ಹಾಕಿ, ಸ್ಟೋರಿಗೆ ವಾಪಸು ಬಂದು, ಕಾದಿದ್ದವರಿಗೆ ಫ್ಯಾನ್ ಬೆಲ್ಟ್ ತೆಗೆದುಕೊಟ್ಟ.

ಭಾನುವಾರ ಗಂಡ ಹೆಂಡತಿ ಇಬ್ಬರೂ ಭುಜ ಮುರಿದಿದ್ದ ಹೆಂಗಸಿನ ಮನೆ ಹುಡುಕಿಕೊಂಡು ಹೋದರು. ಆಕೆ ಎಡಗೈಯಲ್ಲಿ ನೀರು ತಂದುಕೊಟ್ಟಳು, ಬಲಗೈ ಎದೆಯ ಮಟ್ಟಕ್ಕಿಂತ ಮೇಲೇಳುತ್ತಿರಲಿಲ್ಲ. ಅವನು ಹೇಳಿದ್ದನ್ನೆಲ್ಲ ಕೇಳಿದಳು. ಬೈಯಲಿಲ್ಲ, ಕ್ಷಮಿಸಿದೆ ಎಂದೂ ಅನ್ನಲಿಲ್ಲ.

"ಸರಿ. ಬಂದು ಹೇಳಿದ್ರಲ್ಲ," ಎಂದಳು.

ಬಸ್ ಸ್ಟಾಪಿಗೆ ನಡೆಯುವಾಗ ಅವನ ಕೈಲಿದ್ದ ಚೀಲ ಜಾರಿ ಬಿತ್ತು. ಇದು ಯಾರ ಕೈ ಎಂಬಂತೆ ಅವನು ತನ್ನ ಕೈಯನ್ನೇ ನೋಡಿದ. ಹೆಂಡತಿ ಚೀಲ ಎತ್ತಿಕೊಂಡಳು. ಬಸ್ಸು ಬಂತು. ಹಿಂದಿನ ಸೀಟು ಸಿಕ್ಕಿತು. ಎರಡು ಸ್ಟಾಪ್ ದಾಟುವುದರೊಳಗೆ ಅವಳು ಅವನ ಭುಜಕ್ಕೆ ಒರಗಿ ನಿದ್ದೆ ಹೋದಳು. ಅವನು ಕಣ್ಣು ಬಿಟ್ಟುಕೊಂಡೇ ಕೂತಿದ್ದು, ತಮ್ಮ ಸ್ಟಾಪ್ ಬಂದಾಗ ಎಬ್ಬಿಸಿದ.