ಕಿಟಕಿಯ ಪಾಲು

ಆ ಕೋಣೆಗಿದ್ದದ್ದು ಒಂದೇ ಕಿಟಕಿ, ಊಟದ ತಟ್ಟೆಯಂತೆ ಗುಂಡಗೆ. ಅದರ ಕೆಳಗೆ ಅತ್ತೆಯ ಕುರ್ಚಿ, ಕುರ್ಚಿಗೆ ತಾಗಿಕೊಂಡೇ ಅವಳ ಮಗನ ಹಾಸಿಗೆ. ದರ್ಜಿ ಅಂಗಡಿಯ ಕೋಟುಗಳಿಗೆ ಗುಂಡಿ ಹಾಕುವುದು ಅತ್ತೆಯ ಕೆಲಸ. ಅದಕ್ಕೆ ಹಗಲ ಬೆಳಕೇ ಆಗಬೇಕು. ಮಗನದು ಬೇಕರಿಯಲ್ಲಿ ರಾತ್ರಿ ಪಾಳಿ. ಕೋಣೆ ಕತ್ತಲಾಗದೆ ಹಗಲು ಅವನಿಗೆ ನಿದ್ದೆ ಹತ್ತದು. ಪರದೆ ಎಳೆದರೆ ಅವಳ ಕೂಗಾಟ, ಸರಿಸಿದರೆ ಇವನದು. ಇವತ್ತು ಇತ್ಯರ್ಥವಾಗದಿದ್ದರೆ ಹಾಸಿಗೆ ಸುತ್ತಿಕೊಂಡು ಬೇಕರಿಯ ಉಗ್ರಾಣಕ್ಕೆ ಹೋಗುವುದಾಗಿ ಅವನು ಹೇಳಿಬಿಟ್ಟಿದ್ದ. ಗಂಡ ಹಿಟ್ಟಿನ ಮೂಟೆಗಳ ಜೊತೆ ಸಂಸಾರ ಹೂಡುವುದು ಸೊಸೆಗೆ ಬೇಕಿರಲಿಲ್ಲ.

ಅವಳು ತಂಪು ಕನ್ನಡಕದ ಕಾರ್ಖಾನೆಯವಳು. ಮೇಲ್ವಿಚಾರಕನನ್ನು ಕೇಳಿ ಎರಡು ಪೋಲರೈಸರ್ ಹಾಳೆ ತಂದಳು. ಒಂದನ್ನು ಕಿಟಕಿಗೆ ಅಂಟಿಸಿದಳು. ಎಲ್ಲ ದಿಕ್ಕಿಗೂ ಅಲುಗುವ ಬೆಳಕಿನಲ್ಲಿ ಒಂದು ದಿಕ್ಕಿನದನ್ನು ಮಾತ್ರ ಅದು ಒಳಗೆ ಬಿಡುತ್ತದೆ. ಅದರ ಮೇಲೆ ತಿರುಗುವಂತೆ ಇನ್ನೊಂದನ್ನು ಕೂರಿಸಿ, ಅಂಚಿಗೆ ಡಿಗ್ರಿ ಗೀಚಿದಳು. ಸೊನ್ನೆಗಿಟ್ಟರೆ ಮೊದಲನೆಯದು ಬಿಟ್ಟ ಬೆಳಕೆಲ್ಲ ಒಳಗೆ. ತೊಂಬತ್ತಕ್ಕೆ ತಿರುಗಿಸಿದರೆ ಕಗ್ಗತ್ತಲು.

"ಮೂವತ್ತು ಡಿಗ್ರಿ ಬಿಟ್ಟುಕೊಟ್ಟೆ, ತಗೋ," ಎಂದಳು ಅತ್ತೆ. "ಮೂರರಲ್ಲೊಂದು ಪಾಲು. ಹೆತ್ತ ಕರುಳು ಕಣೋ."

"ನಾನೇನು ಜುಗ್ಗನಾ? ಆ ತುದಿಯಿಂದ ನಾನೂ ಮೂವತ್ತು ಬಿಟ್ಟೆ. ಅರವತ್ತಕ್ಕೆ ನಿಲ್ಸು."

ಸೊಸೆಗೆ ನಗು ತಡೆಯಲಾಗಲಿಲ್ಲ. "ಅಮ್ಮನಿಗೆ ತಕ್ಕ ಮಗ! ಬೆಳಕು ಹಾಗೆ ಡಿಗ್ರಿ ಲೆಕ್ಕದಲ್ಲಿ ಕಮ್ಮಿ ಆಗಲ್ಲ. ಕೋನದ ಕೊಸೈನ್ ತಗೊಂಡು, ಅದನ್ನ ಅದರಿಂದಲೇ ಗುಣಿಸ್ಬೇಕು. ಮೂವತ್ತರಲ್ಲಿ ಮುಕ್ಕಾಲು ಬೆಳಕು ಒಳಗೇ ಬರುತ್ತೆ. ಅತ್ತೆ, ನೀವು ಕೊಟ್ಟಿದ್ದು ಬರೀ ಕಾಲು. ಅರವತ್ತರಲ್ಲಿ ಬರೋದೇ ಕಾಲು, ಇವರು ಕೊಟ್ಟಿದ್ದೂ ಅಷ್ಟೇ. ತುದೀಲಿ ನಿಂತು ದಾನ ಮಾಡೋದು ಸಲೀಸು. ನಡುವಿನ ಮೂವತ್ತು ಡಿಗ್ರೀಲೇ ಅರ್ಧ ಬೆಳಕು ಕೂತಿದೆ. ಜಗಳ ಇರೋದೂ ಅಲ್ಲೇ."

"ಹಾಗಾದ್ರೆ ನೀನೇ ತೀರ್ಮಾನ ಮಾಡಮ್ಮ," ಎಂದಳು ಅತ್ತೆ.

"ನಲವತ್ತೈದು. ಅರ್ಧಕ್ಕರ್ಧ."

ಸೊಸೆ ಹಾಳೆ ತಿರುಗಿಸಿದಳು. ಕೋಣೆ ಮಬ್ಬಾಯಿತು. ಮಗ ಅಡ್ಡಾಗಿ, "ಇಷ್ಟಾದ್ರೆ ನಿದ್ದೆ ಬರುತ್ತೆ," ಎಂದ. ಅತ್ತೆ ದಾರದ ತುದಿ ಎಂಜಲು ಮಾಡಿ ಸೂಜಿಗೆ ಹಿಡಿದಳು. ತಪ್ಪಿತು. ಮತ್ತೆ ತಪ್ಪಿತು.

"ಗುಂಡಿ, ಬಟ್ಟೆ ಎಲ್ಲಾ ಕಾಣುತ್ತೆ. ಸೂಜಿ ಕಣ್ಣೊಂದೇ ಕಾಣಲ್ಲ, ಹಾಳಾದ್ದು," ಎಂದು ಗೊಣಗಿದಳು.

ಸೊಸೆಯ ಕೈ ಹಾಳೆಯನ್ನು ಹಿಂದಕ್ಕೆ ತಿರುಗಿಸಲು ಹೋಯಿತು. ಮಗ ಎದ್ದು ಕೂತ. "ಇರಲಿ ಬಿಡೇ. ಅಮ್ಮಾ, ಸೂಜಿಗಳನ್ನೆಲ್ಲ ಇಲ್ಲಿ ಕೊಡು. ಪೋಣಿಸಿಟ್ಟೇ ಮಲಗ್ತೀನಿ."

ಅತ್ತೆ ಸೂಜಿಗಳ ಡಬ್ಬಿ ಅವನ ತೊಡೆಯ ಮೇಲಿಟ್ಟಳು.

"ದಾರ ಉದ್ದ ಬಿಡೋ. ನಡುವೆ ಮುಗಿದ್ರೆ ಎಬ್ಬಿಸ್ತೀನಿ, ನೋಡು."